ನಾಲಿಗೆಯ ರುಚಿಯೂ ನಡುವಿನ ಸುತ್ತಳತೆಯೂ

ಊಟದಲ್ಲಿ ಆಸೆಯಿಲ್ಲದವನಿಗೆ ಮೈತೂಕ ಇಳಿಸುವುದು ಕಷ್ಟದ ಕೆಲಸವಲ್ಲ. ಅವನಿಗೆ ಈ ಲೇಖನ ಬೇಕಾಗಿಯೂ ಇಲ್ಲ. ಇದನ್ನು ಬರೆದಿರುವುದು ತಿನ್ನುವುದರಲ್ಲಿ ನಿಜವಾದ ಪ್ರೀತಿಯುಳ್ಳವರಿಗಾಗಿ. ಒಗ್ಗರಣೆಯ ಸದ್ದು ಕೇಳಿದೊಡನೆ ಓದುವ ಪುಸ್ತಕ ಮಡಿಸಿಡುವವರಿಗಾಗಿ, ಬಂಗುಡೆ ಹುರಿಯುವ ವಾಸನೆ ಬಂದ ಬಾಗಿಲ ಮುಂದೆ ಹೆಜ್ಜೆ ನಿಧಾನವಾಗುವವರಿಗಾಗಿ. ಇಂಥವರಿಗೆ ಯಾರಾದರೂ “ಕಡಿಮೆ ತಿನ್ನಿರಿ” ಎಂದು ಬುದ್ಧಿ ಹೇಳಿದರೆ ಆ ಬುದ್ಧಿ ಎಂಟು ದಿನ ನಡೆಯುತ್ತದೆ, ಒಂಬತ್ತನೆಯ ದಿನ ವಡಾಪಾವಿನ ಗಾಡಿಯ ಮುಂದೆ ನಿಂತುಬಿಡುತ್ತದೆ. ಅದಕ್ಕೆ ಕಾರಣ ಮನಸ್ಸಿನ ದೌರ್ಬಲ್ಯವೆಂದು ನನಗೆ ತೋರುವುದಿಲ್ಲ. ಏನನ್ನು, ಯಾವ ಹೊತ್ತಿನಲ್ಲಿ, ಎಷ್ಟು ಎಂಬ ವಿವರವೇ ಆ ಬುದ್ಧಿಮಾತಿನಲ್ಲಿ ಇರುವುದಿಲ್ಲ. ಆ ವಿವರವನ್ನು ನಮ್ಮ ಮುಂಬಯಿಯ ಬಾಳಿಗೆ ಹೊಂದುವಂತೆ ವಿಚಾರ ಮಾಡೋಣ.

ನಮ್ಮ ಹಿರಿಯರ ಕಾಲದಲ್ಲಿ ಊರಿನಿಂದ ಬರುತ್ತಿದ್ದ ಕಾಗದಗಳಲ್ಲಿ “ಮೈ ಸೊರಗಿದೆಯೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿರುವೆಯಾ?” ಎಂಬ ಪ್ರಶ್ನೆ ತಪ್ಪುತ್ತಿರಲಿಲ್ಲ. ಕೇಳುವುದಕ್ಕೆ ಕಾರಣವೂ ಇತ್ತು. ಪರೇಲ್, ಲಾಲ್‌ಬಾಗ್, ವರಳಿಯ ಗಿರಣಗಾವಿನಲ್ಲಿ ಮಗ್ಗದ ಮುಂದೆ ಪಾಳಿ ಪೂರ್ತಿ ನಿಂತು ದುಡಿಯುವವರು, ಹೋಟೆಲಿನಲ್ಲಿ ನಸುಕಿನಿಂದ ನಡುರಾತ್ರಿಯವರೆಗೆ ತಟ್ಟೆ ಎತ್ತುವ ನಮ್ಮೂರ ಹುಡುಗರು, ಇವರ ಹೊಟ್ಟೆಗೆ ಎಷ್ಟು ಹಾಕಿದರೂ ಅದು ದುಡಿಮೆಯಲ್ಲಿಯೇ ಕರಗಿಹೋಗುತ್ತಿತ್ತು. ಒಂಟಿ ಗಂಡಸರಿಗೆ ಮನೆಯೂಟ ಬಡಿಸುವ ಖಾನಾವಳಿಗಳನ್ನು ಗಿರಣಗಾವಿನಲ್ಲಿ ಬಡ ಹೆಂಗಸರು ನಡೆಸುತ್ತಿದ್ದರು. 1975ರಲ್ಲಿ ಪ್ರೇಮಾ ಪುರವ ಅವರು ‘ಅನ್ನಪೂರ್ಣಾ ಮಹಿಳಾ ಮಂಡಳ’ವನ್ನು ಕಟ್ಟಿದ್ದು ಇಂಥ ಹೆಂಗಸರಿಗಾಗಿಯೇ. 1982ರ ಜನವರಿ 18ರಂದು ಆರಂಭವಾದ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಲೋವರ್ ಪರೇಲಿನ ಫೀನಿಕ್ಸ್ ಮಿಲ್ಲಿದ್ದ ಸ್ಥಳದಲ್ಲಿ ಇಂದು ಅಂಗಡಿಗಳ ಮಹಲಿದೆ. ಮೊಮ್ಮಗ ಗಣಕಯಂತ್ರದ ಮುಂದೆ ಒಂಬತ್ತು ಗಂಟೆ ಕುಳಿತು ದುಡಿಯುತ್ತಾನೆ. ಆದರೆ ಊಟದ ಬಟ್ಟಲು ಮಾತ್ರ ಅಜ್ಜನ ಅಳತೆಯದೇ ಉಳಿದಿದೆ!

ಕುರ್ಚಿಯಲ್ಲಿ ಕೂತವನಿಗೆ ಹಸಿವೂ ತಾನಾಗಿ ಕಡಿಮೆಯಾಗಬೇಕಲ್ಲವೇ ಎಂದು ಕೇಳಬಹುದು. ಹಾಗಾಗುವುದಿಲ್ಲ ಎಂಬುದನ್ನು ತೋರಿಸಿಕೊಟ್ಟ ಪ್ರಸಿದ್ಧ ಅಧ್ಯಯನವೊಂದು ನಡೆದದ್ದು ನಮ್ಮ ದೇಶದ ಮಿಲ್ಲಿನಲ್ಲಿಯೇ. ಪಶ್ಚಿಮ ಬಂಗಾಳದ ಸೆಣಬಿನ ಗಿರಣಿಯೊಂದರ 213 ಮಂದಿಯ ಊಟ, ತೂಕ, ಕೆಲಸ ಈ ಮೂರನ್ನೂ ಜೀನ್ ಮೇಯರ್ ಎಂಬ ಪೋಷಣಶಾಸ್ತ್ರಜ್ಞರು ರಾಯ್ ಮತ್ತು ಮಿತ್ರ ಎಂಬ ಸಹೋದ್ಯೋಗಿಗಳೊಡನೆ ಪರೀಕ್ಷಿಸಿ 1956ರಲ್ಲಿ ಪ್ರಕಟಿಸಿದರು. ಹೊರೆ ಹೊರುವವರು ಹೆಚ್ಚು ಉಣ್ಣುತ್ತಿದ್ದರು, ಆದರೂ ಮೈಯಲ್ಲಿ ತೆಳ್ಳಗಿದ್ದರು, ಇದರಲ್ಲಿ ಆಶ್ಚರ್ಯವಿಲ್ಲ. ಹಗುರವಾದ ಕೆಲಸ ಮಾಡುವವರು ಅದಕ್ಕೆ ತಕ್ಕಂತೆ ಕಡಿಮೆ ಉಣ್ಣುತ್ತಿದ್ದರು. ಆಶ್ಚರ್ಯವಿದ್ದದ್ದು ದಿನವಿಡೀ ಕುಳಿತೇ ಇರುವವರಲ್ಲಿ. ಅಂಗಡಿಕಟ್ಟೆಯ ಮೇಲೆ ಕುಳಿತ ವ್ಯಾಪಾರಿಗಳು ಹಗುರ ಕೆಲಸದವರಿಗಿಂತ ಹೆಚ್ಚು ಉಣ್ಣುತ್ತಿದ್ದರು, ಎಲ್ಲರಿಗಿಂತ ಭಾರವಾಗಿಯೂ ಇದ್ದರು. ಎಂದರೆ, ಚಲನೆ ತೀರ ಕಡಿಮೆಯಾದಾಗ ಹಸಿವಿನ ತಕ್ಕಡಿ ಸರಿಯಾಗಿ ತೂಗುವುದನ್ನು ಬಿಟ್ಟುಬಿಡುತ್ತದೆ. ಅದೇ ವರ್ಷ ಲಂಡನ್ನಿನಲ್ಲಿ ಮಾರಿಸ್ ಎಂಬ ವೈದ್ಯರು ಬಸ್ ನೌಕರರ ಸಮವಸ್ತ್ರದ ಅಳತೆಗಳನ್ನು ನೋಡಿ, ಕುಳಿತು ಓಡಿಸುವ ಚಾಲಕರ ಷರಾಯಿಯ ಸೊಂಟ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರರದಕ್ಕಿಂತ ದೊಡ್ಡದೆಂದು ತೋರಿಸಿದರು. ದರ್ಜಿಯ ಲೆಕ್ಕದಿಂದ ವೈದ್ಯಶಾಸ್ತ್ರ ಕಲಿಯಬಹುದೆಂದು ಆವರೆಗೆ ಯಾರು ತಾನೇ ಎಣಿಸಿದ್ದರು!

ಹೊಟ್ಟೆ ಸ್ವಲ್ಪ ಮುಂದೆ ಬಂದರೆ ಏನು ಮಹಾ ನಷ್ಟ ಎನ್ನುವವರಿದ್ದಾರೆ. ನಷ್ಟ ನೋಟದ್ದಲ್ಲ. ನಮ್ಮ ದೇಶದವರಿಗೆ ಹೊಟ್ಟೆಯ ಸುತ್ತ ಸೇರುವ ಕೊಬ್ಬು ಬೇಗನೆ ಸಿಹಿಮೂತ್ರ ರೋಗವನ್ನೂ ರಕ್ತದೊತ್ತಡವನ್ನೂ ಕರೆತರುವುದರಿಂದ, ವೈದ್ಯರು ಭಾರತೀಯರಿಗೆ ಬೇರೆಯೇ ಗಡಿ ಹಾಕಿದ್ದಾರೆ: ನಡುವಿನ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರು, ಹೆಂಗಸರಿಗೆ 80. ಇದಕ್ಕೆ ಮೇಲಾದರೆ ಎಚ್ಚರ ಬೇಕು. ನಾಲ್ವತ್ತರ ಪ್ರಾಯದಲ್ಲಿ ಕಣ್ಣು, ಮೂತ್ರಪಿಂಡ, ಹೃದಯ ಕೆಟ್ಟು ಕೂತರೆ ಇಲ್ಲಿನ ಕೋಣೆಯ ಬಾಡಿಗೆ ಮಾತ್ರವಲ್ಲ, ಊರಿನ ತಾಯಿಯ ಔಷಧ, ತಮ್ಮನ ಕಾಲೇಜಿನ ಶುಲ್ಕ, ಸೊಸೈಟಿಯ ಸಾಲದ ಕಂತು ಎಲ್ಲವೂ ಒಟ್ಟಿಗೆ ನಿಲ್ಲುತ್ತವೆ. ಹಣ ಕಳುಹಿಸುವ ಒಂದೇ ಕೈಯಿರುವ ಮನೆಗಳು ನಮ್ಮಲ್ಲಿ ಎಷ್ಟೋ ಇವೆ.

ಸಂತೋಷದ ಸುದ್ದಿಯೂ ಉಂಟು. ಚೆನ್ನೈಯ ಡಾಕ್ಟರ್ ಎ. ರಾಮಚಂದ್ರನ್ ಮತ್ತು ಸಂಗಡಿಗರು ಸಿಹಿಮೂತ್ರ ರೋಗದ ಹೊಸ್ತಿಲಲ್ಲಿದ್ದ 531 ಮಂದಿಯನ್ನು ಗುಂಪು ಮಾಡಿ, ಸುಮಾರು ಮೂರು ವರ್ಷ ನೋಡಿ, 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಏನೂ ಮಾಡದ ಗುಂಪಿನಲ್ಲಿ ನೂರಕ್ಕೆ 55 ಮಂದಿಗೆ ರೋಗ ಬಂತು. ಸಕ್ಕರೆ, ಎಣ್ಣೆ ಕಡಿಮೆಮಾಡಿ ನಿತ್ಯ ನಡೆದವರಲ್ಲಿ ಸುಮಾರು 39 ಮಂದಿಗೆ. ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಈ ಎರಡನೆಯ ಗುಂಪಿನವರ ತೂಕ ಹೆಚ್ಚೇನೂ ಇಳಿದಿರಲಿಲ್ಲ! ಆದುದರಿಂದ ತಕ್ಕಡಿಯ ಮುಳ್ಳು ಅಲುಗಲಿಲ್ಲವೆಂದು ತಿಂಗಳೊಳಗೆ ಕೈಬಿಡುವವರು ಒಳಗೆ ಆಗುತ್ತಿರುವ ಲಾಭವನ್ನು ಕಾಣದೆ ಕೈಬಿಟ್ಟಂತಾಗುತ್ತದೆ.

ಇನ್ನು ಲೆಕ್ಕಕ್ಕೆ ಬರೋಣ. ಜಮಾ-ಖರ್ಚು ಬರೆದು ರೂಢಿಯಿರುವ ಗುಮಾಸ್ತ ಬಂಧುಗಳು ಒಂದು ವಾರ ತಾವು ತಿಂದದ್ದನ್ನೆಲ್ಲ ಒಂದು ಸಣ್ಣ ಪುಸ್ತಕದಲ್ಲಿ ಹೊತ್ತಿನೊಂದಿಗೆ ಬರೆದು ನೋಡಲಿ. ಹೆಚ್ಚಿನವರಿಗೆ ತಿಳಿದುಬರುವುದೇನೆಂದರೆ, ಮಧ್ಯಾಹ್ನದ ಡಬ್ಬಿಯಲ್ಲಿ ದೋಷವಿರುವುದಿಲ್ಲ. ಮನೆಯ ಡಬ್ಬಿ ಕಚೇರಿಗೆ ತಲಪಬೇಕೆಂದೇ ಈ ನಗರದಲ್ಲಿ 1890ರಿಂದ ಡಬ್ಬಾವಾಲರ ಪದ್ಧತಿ ನಡೆದುಬಂದಿದೆ. ಆ ಊಟ ಅಳತೆಯ ಊಟ. ಸೋರುವುದು ಸಾಯಂಕಾಲ ಐದರಿಂದ ರಾತ್ರಿ ಒಂಬತ್ತರವರೆಗಿನ ಹೊತ್ತಿನಲ್ಲಿ. ಚರ್ಚ್‌ಗೇಟಿನಿಂದ ವಿರಾರಿಗೆ, ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ಸಿನಿಂದ ಡೊಂಬಿವಲಿಗೆ ಹೋಗುವವನಿಗೆ ಮಧ್ಯಾಹ್ನದ ಊಟಕ್ಕೂ ರಾತ್ರಿಯ ಊಟಕ್ಕೂ ಎಂಟು ಗಂಟೆಯ ಅಂತರ. ಅವನು ನಿಲ್ದಾಣಕ್ಕೆ ಬರುವಾಗ ಹಸಿವು ಅವನಿಗಿಂತ ಮುಂದೆ ಓಡುತ್ತಿರುತ್ತದೆ.

ಅಲ್ಲಿ ಅವನಿಗಾಗಿ ಕಾದಿರುವುದು ವಡಾಪಾವು. ದಾದರ್ ನಿಲ್ದಾಣದ ಹೊರಗೆ 1966ರಲ್ಲಿ ಅಶೋಕ ವೈದ್ಯ ಎಂಬವರು ಇದನ್ನು ಆರಂಭಿಸಿದರೆಂದು ಹೇಳುತ್ತಾರೆ. ಕೈಯಲ್ಲಿ ಹಿಡಿದು, ನಿಂತು, ಎರಡು ನಿಮಿಷದಲ್ಲಿ ತಿಂದು ಪಾಳಿಗೆ ಓಡುವ ಕೂಲಿಕಾರನಿಗೆ ಅದು ತಕ್ಕ ಆಹಾರವೇ ಆಗಿತ್ತು. ಅದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಒಂದು ವಡಾಪಾವಿನಲ್ಲಿ ಗಾತ್ರಕ್ಕೆ ತಕ್ಕಂತೆ ಸುಮಾರು 300 ಕ್ಯಾಲರಿ. ರೈಲಿನಲ್ಲಿ ಮಾತಾಡುತ್ತ ಮೆಲ್ಲುವ 50 ಗ್ರಾಂ ಸೇವಿನಲ್ಲಿ ಸುಮಾರು 275. ಎರಡೂ ಸೇರಿ 575. ನಡುವೆ ಒಂದು ಚಹ ಸೇರಿದರೆ 600 ದಾಟಿತು. ಸಾಧಾರಣ ಮೈಕಟ್ಟಿನವನು ಒಂದು ಕಿಲೋಮೀಟರು ನಡೆದರೆ ವ್ಯಯವಾಗುವುದು ಸುಮಾರು 50 ಕ್ಯಾಲರಿ. ಎಂದರೆ ಈ ಫಳಾರವನ್ನು ತೀರಿಸಲು 12 ಕಿಲೋಮೀಟರು ನಡೆಯಬೇಕು. ರೈಲು ಹಳಿಯ ಲೆಕ್ಕದಲ್ಲಿ ದಾದರಿನಿಂದ ಅಂಧೇರಿಯವರೆಗೆ! ಅದು ನಿತ್ಯವೂ ಸಾಧ್ಯವೇ? ಆದುದರಿಂದ ನಡಿಗೆಯಿಂದ ಮಾತ್ರ ತೂಕ ಇಳಿಸುವೆನೆನ್ನುವವರು ಮೊದಲು ಬಾಯಿಯ ಕಡೆ ನೋಡಬೇಕು.

ಚಹದ ಲೆಕ್ಕ ಇನ್ನೂ ಗುಟ್ಟಿನದು. ದಿನಕ್ಕೆ ಐದು ಕಪ್ಪು, ಕಪ್ಪಿಗೆ ಎರಡು ಚಮಚ, ಚಮಚಕ್ಕೆ 5 ಗ್ರಾಂ. ಒಟ್ಟು 50 ಗ್ರಾಂ ಸಕ್ಕರೆ, 200 ಕ್ಯಾಲರಿ. ತಿಂಗಳಿಗೆ ಒಂದೂವರೆ ಕಿಲೋ ಸಕ್ಕರೆಯನ್ನು ಒಬ್ಬನೇ ಕುಡಿದಂತಾಯಿತು. ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಉತ್ತಮವೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಚಹ ಬಿಡಬೇಕಾಗಿಲ್ಲ. ವಾರಕ್ಕೆ ಅರ್ಧ ಚಮಚದಂತೆ ಇಳಿಸುತ್ತ ಬಂದರೆ ನಾಲಿಗೆಗೆ ತಿಳಿಯುವುದೇ ಇಲ್ಲ. ಬೆಲ್ಲ, ಜೇನು ಹಾಕಿದರೆ ದೋಷವಿಲ್ಲವೆಂಬ ನಂಬಿಕೆ ಮಾತ್ರ ಬೇಡ. ತೂಕದ ಲೆಕ್ಕದಲ್ಲಿ ಬೆಲ್ಲವೂ ಸಕ್ಕರೆಯೂ ಹೆಚ್ಚುಕಡಿಮೆ ಒಂದೇ.

ಹಾಗಾದರೆ ಸಾಯಂಕಾಲ ಏನು ತಿನ್ನಬೇಕು? ಏನೂ ತಿನ್ನದೆ ಇರುವುದು ಉತ್ತರವಲ್ಲ. ಬರಿಹೊಟ್ಟೆಯಲ್ಲಿ ಮನೆ ಸೇರಿದವನು ಬಾಗಿಲಲ್ಲಿಯೇ ಡಬ್ಬದ ಚಕ್ಕುಲಿಗೆ ಕೈಹಾಕುತ್ತಾನೆ. ನಿಲ್ದಾಣಕ್ಕೆ ಹೊರಡುವ ಮೊದಲೇ, ನಾಲ್ಕೂವರೆ ಐದರ ಸುಮಾರಿಗೆ, ಕಚೇರಿಯಲ್ಲಿಯೇ ಕುಳಿತು 150-200 ಕ್ಯಾಲರಿಯ ಫಳಾರವನ್ನು ನಿಧಾನವಾಗಿ ತಿನ್ನುವುದು ನನ್ನ ಅನುಭವದಲ್ಲಿ ಅತ್ಯುತ್ತಮ ಉಪಾಯ. ಆ ಫಳಾರದಲ್ಲಿ ಸಸಾರಜನಕವೂ ನಾರೂ ಇರಬೇಕು. ಹಸಿವನ್ನು ಒಂಬತ್ತರವರೆಗೆ ಹಿಡಿದು ನಿಲ್ಲಿಸುವವು ಅವೇ. ಇದಕ್ಕೆ ಹೊಸ ಸಾಮಾನು ಕೊಳ್ಳಬೇಕಾಗಿಲ್ಲ. ನಮ್ಮ ಊರಿನ ತಿಂಡಿಗಳಲ್ಲೇ ಬೇಕಾದಷ್ಟಿವೆ.

ಎಲ್ಲಕ್ಕೂ ಸುಲಭವಾದದ್ದು ಹುರಿದ ಕಡಲೆ. 30 ಗ್ರಾಮಿಗೆ ಸುಮಾರು 110 ಕ್ಯಾಲರಿ, ಆರು ಗ್ರಾಮಿಗೂ ಮಿಕ್ಕಿ ಸಸಾರಜನಕ. ಸಿಪ್ಪೆಯೊಂದಿಗೆ ತಿನ್ನಬೇಕು. ಶೇಂಗಾ ಒಳ್ಳೆಯದೇ, ಆದರೆ ಅದೇ ತೂಕಕ್ಕೆ 170 ಕ್ಯಾಲರಿ. ಒಂದು ಸಣ್ಣ ಹಿಡಿಯಲ್ಲಿ ನಿಲ್ಲಿಸಲು ಬಲ್ಲವರಿಗೆ ಮಾತ್ರ. ಪೊಟ್ಟಣವನ್ನು ಮುಂದಿಟ್ಟುಕೊಂಡು ತಿನ್ನುವವನಿಗೆ ಯಾವ ತಿಂಡಿಯೂ ಒಳ್ಳೆಯದಲ್ಲ. ಬೆಳಿಗ್ಗೆಯೇ ಸಣ್ಣ ಡಬ್ಬಿಯಲ್ಲಿ ಅಳೆದು ತರಬೇಕು.

ಚುರುಮುರಿ ಬಹು ಉಪಕಾರಿ. 20 ಗ್ರಾಂ ಚುರುಮುರಿ ಒಂದು ದೊಡ್ಡ ಬಟ್ಟಲು ತುಂಬುತ್ತದೆ, ಕ್ಯಾಲರಿ ಮಾತ್ರ 65. ಆದರೆ ಬರಿಯ ಚುರುಮುರಿ ಅರ್ಧ ಗಂಟೆಯಲ್ಲಿ ಕರಗಿ ಮತ್ತೆ ಹಸಿವೆನ್ನುತ್ತದೆ. ಹುಬ್ಬಳ್ಳಿ-ಧಾರವಾಡದ ಕಡೆಯ ಮಿತ್ರರ ಗಿರಮಿಟ್ಟಿನಲ್ಲಿ ಇದಕ್ಕೆ ಪರಿಹಾರವಿದೆ: ಪುಟಾಣಿಯ ಪುಡಿ. ಈರುಳ್ಳಿ, ಟೊಮೆಟೊ, ಹುಣಿಸೆಹುಳಿ, ಒಂದು ಚಮಚ ಎಣ್ಣೆಯ ಒಗ್ಗರಣೆ, ಎರಡು ದೊಡ್ಡ ಚಮಚ ಪುಟಾಣಿ ಪುಡಿ, ಮೇಲೆ ಕೊತ್ತಂಬರಿ. ಸೇವು ಬೇಕೇ ಬೇಕೆಂದರೆ ಅಲಂಕಾರಕ್ಕೆ ಒಂದು ಚಿಟಿಕೆ. ಜೊತೆಗೆ ಮಿರ್ಚಿ ಭಜಿ ತರಿಸಿದರೆ ಈ ಲೆಕ್ಕವೆಲ್ಲ ವ್ಯರ್ಥ.

ಹೆಸರುಬೇಳೆಯ ಕೋಸಂಬರಿಯನ್ನು ರಾಮನವಮಿಯ ದಿನ ಮಾತ್ರ ಏಕೆ ನೆನೆಯಬೇಕೋ ತಿಳಿಯದು. 30 ಗ್ರಾಂ ಬೇಳೆಯನ್ನು ಬೆಳಿಗ್ಗೆ ಎದ್ದಕೂಡಲೇ ನೆನೆಹಾಕಿ, ಹೊರಡುವ ಮುನ್ನ ಬಸಿದು, ಹೆಚ್ಚಿದ ಸೌತೆ, ತುರಿದ ಗಜ್ಜರಿ, ಹಸಿಮೆಣಸು ಸೇರಿಸಿ ಡಬ್ಬಿಗೆ ಹಾಕಿರಿ. ಉಪ್ಪು ಮತ್ತು ನಿಂಬೆಯನ್ನು ಕಾಗದದಲ್ಲಿ ಬೇರೆ ಕಟ್ಟಿಕೊಂಡು ಹೋಗಬೇಕು. ಮೊದಲೇ ಹಾಕಿದರೆ ಸಂಜೆಗೆ ಸೌತೆ ನೀರು ಬಿಟ್ಟು ಡಬ್ಬಿಯಲ್ಲಿ ಕೆರೆಯಾಗುತ್ತದೆ. ಬೇಸಗೆಯ ಸೆಕೆಯಲ್ಲಿ ಇದು ಸಂಜೆಯವರೆಗೆ ಕೆಡದೆ ಉಳಿಯಲಾರದು. ಕಚೇರಿಯಲ್ಲಿ ತಂಪುಪೆಟ್ಟಿಗೆಯಿಲ್ಲದವರು ಆ ತಿಂಗಳುಗಳಲ್ಲಿ ಕಡಲೆಗೇ ಅಂಟಿಕೊಳ್ಳುವುದು ಲೇಸು. ಮೊಳಕೆಕಾಳಿನ ವಿಷಯದಲ್ಲಿಯೂ ಎಚ್ಚರ. ಮಳೆಗಾಲದ ಬೆಚ್ಚನೆಯ ಒದ್ದೆಯಲ್ಲಿ ಕಾಳಿನ ಮೊಳಕೆಯಂತೆ ರೋಗಾಣುಗಳೂ ಬೆಳೆಯುತ್ತವೆ. ಹಸಿಯಾಗಿ ತಿನ್ನದೆ ಹಬೆಯಲ್ಲಿ ಬೇಯಿಸಿ ತಿನ್ನತಕ್ಕದ್ದು.

ಹುರುಳಿಯನ್ನು ಕುದುರೆಯ ಆಹಾರವೆಂದು ನಗುವವರು ಅದರ ಗುಣ ತಿಳಿಯರು. ರಾತ್ರಿ ನೆನೆಹಾಕಿ, ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ, ಕಟ್ಟನ್ನು ಸಾರಿಗೆ ಬಸಿದಿಟ್ಟು, ಕಾಳಿಗೆ ಸಾಸಿವೆ, ಕರಿಬೇವು, ಒಣಮೆಣಸು, ಇಂಗಿನ ಒಗ್ಗರಣೆ ಕೊಟ್ಟರೆ ಉಸಲಿಯಾಯಿತು. ಒಂದೇ ಬೇಯಿಸುವಿಕೆಯಲ್ಲಿ ಸಂಜೆಯ ತಿಂಡಿಯೂ ರಾತ್ರಿಯ ಸಾರೂ ದೊರೆಯುವುದು ಕೋಣೆಯಲ್ಲಿರುವವರಿಗೆ ಸಣ್ಣ ಲಾಭವಲ್ಲ. ಇವಲ್ಲದೆ ಒಂದು ಪೇರಳೆ, ಒಂದು ಬಾಳೆಹಣ್ಣು, ಬೇಯಿಸಿದ ಒಂದು ಮೊಟ್ಟೆ, ತೆಳು ಅವಲಕ್ಕಿಗೆ ಮೊಸರು. ಹಣ್ಣನ್ನು ಅಗಿದೇ ತಿನ್ನಬೇಕು. ರಸ ಮಾಡಿ ಕುಡಿದರೆ ಮೂರು ಹಣ್ಣು ಒಂದು ಗುಟುಕಿನಲ್ಲಿ ಇಳಿದುಬಿಡುತ್ತದೆ.

ಈಗ ಅಡಿಗೆಮನೆ. ಇಲ್ಲಿ ಮೊದಲು ನೋಡಬೇಕಾದದ್ದು ಎಣ್ಣೆಯ ಬಾಟಲಿ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಹೊರಡಿಸಿದ ಮಾರ್ಗದರ್ಶಿಯಲ್ಲಿ 2000 ಕ್ಯಾಲರಿಯ ದಿನದೂಟಕ್ಕೆ ಸುಮಾರು 27 ಗ್ರಾಂ ಎಣ್ಣೆ-ಕೊಬ್ಬು, 400 ಗ್ರಾಂ ತರಕಾರಿ, 85 ಗ್ರಾಂ ಬೇಳೆಕಾಳು ಎಂದಿದೆ. 27 ಗ್ರಾಮಿನಂತೆ ತಿಂಗಳಿಗೆ 810 ಗ್ರಾಂ. ನಾಲ್ವರು ಇರುವ ಕೋಣೆಗೆ ಮೂರೂವರೆ ಲೀಟರು. ನಿಮ್ಮ ಕೋಣೆಯ ಮೆಸ್ಸಿನ ಲೆಕ್ಕದ ಪುಸ್ತಕ ತೆರೆದು ಕಳೆದ ತಿಂಗಳು ಎಷ್ಟು ಎಣ್ಣೆ ಬಂತೆಂದು ನೋಡಿರಿ. ಐದು ಲೀಟರು ಇದ್ದರೆ ಬೊಜ್ಜಿಗೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಹೊರಗೆ ತಿಂದ ಕರಿದ ತಿಂಡಿಯ ಎಣ್ಣೆ ಇದರಲ್ಲಿ ಸೇರಿಲ್ಲ ಎಂಬುದನ್ನೂ ಮರೆಯಬೇಡಿರಿ.

ಎಣ್ಣೆ ಕಡಿಮೆಯಾದರೆ ರುಚಿ ಹೋಗುವುದೆಂಬ ಭಯವಿದೆ. ರುಚಿ ಇರುವುದು ಎಣ್ಣೆಯ ಪ್ರಮಾಣದಲ್ಲಿ ಅಲ್ಲ, ಅದನ್ನು ಬಳಸುವ ಹೊತ್ತಿನಲ್ಲಿ. ಬಾಣಲೆ ಮೊದಲು ಕಾಯಲಿ, ಆಮೇಲೆ ಚಮಚದಿಂದ ಎಣ್ಣೆ. ಬಾಟಲಿಯಿಂದ ಸುರಿಯುವುದನ್ನು ಕೋಣೆಯಲ್ಲಿ ನಿಷೇಧಿಸಬೇಕು! ಈರುಳ್ಳಿಗೆ ಆರಂಭದಲ್ಲಿಯೇ ಉಪ್ಪು ಬಿದ್ದರೆ ತನ್ನ ನೀರಿನಲ್ಲಿ ತಾನೇ ಬಾಡುತ್ತದೆ. ಪಲ್ಯಕ್ಕೆ ಮುಚ್ಚಳ ಹಾಕಿ, ಮುಚ್ಚಳದ ಮೇಲೆ ಸ್ವಲ್ಪ ನೀರಿಟ್ಟು ಸಣ್ಣ ಉರಿಯಲ್ಲಿ ಬೇಯಿಸುವ ನಮ್ಮ ಅಮ್ಮಂದಿರ ಪದ್ಧತಿಗೆ ಎಣ್ಣೆ ಬೇಕಾಗುವುದು ಒಗ್ಗರಣೆಗೆ ಮಾತ್ರ. ಒಗ್ಗರಣೆಯನ್ನು ಕೊನೆಯಲ್ಲಿ ಹಾಕಿ ಕೂಡಲೇ ಮುಚ್ಚಿದರೆ ಎರಡು ಚಮಚದ ಪರಿಮಳ ನಾಲ್ಕು ಚಮಚದಂತೆ ತೋರುತ್ತದೆ. ಪಳಗಿದ ಕಬ್ಬಿಣದ ಕಾವಲಿಯನ್ನು ಅರ್ಧ ಈರುಳ್ಳಿಯಿಂದ ಉಜ್ಜಿದರೆ ದೋಸೆ ತಾನಾಗಿ ಏಳುತ್ತದೆ. ಇಡ್ಲಿ, ಮೂಡೆ, ಪುಂಡಿ, ಪತ್ರೊಡೆ ಎಲ್ಲವೂ ಹಬೆಯಲ್ಲಿ ಬೆಂದವು. ಪತ್ರೊಡೆಯನ್ನು ಮರುದಿನ ಎಣ್ಣೆಯಲ್ಲಿ ಹುರಿಯುವವರೆಗೆ ಅದರಲ್ಲಿ ಅಪಾಯವಿಲ್ಲ.

ಕರಾವಳಿಯವರಾದ ನಮಗೆ ತೆಂಗಿನಕಾಯಿಯ ಲೆಕ್ಕ ಬೇರೆಯೇ ಇದೆ. ಹಸಿ ಕಾಯಿತುರಿ 100 ಗ್ರಾಮಿಗೆ 350 ಕ್ಯಾಲರಿಗೂ ಮೇಲು. ನಿತ್ಯವೂ ಅರ್ಧ ಕಾಯಿ ಅರೆಯುವ ಮನೆಯಲ್ಲಿ ಅದನ್ನು ಪೂರ್ತಿ ಬಿಡಿಸಲು ಹೊರಟರೆ ಗಲಭೆಯಾದೀತು. ಚಟ್ನಿಯಲ್ಲಿ ಅರ್ಧ ಕಾಯಿಯ ಬದಲು ಕಾಲು ಕಾಯಿ, ಉಳಿದದ್ದಕ್ಕೆ ಹುರಿದ ಉದ್ದಿನಬೇಳೆ, ಕೊತ್ತಂಬರಿಸೊಪ್ಪು ಅಥವಾ ಹೀರೆಕಾಯಿಯ ಸಿಪ್ಪೆ. ಮೀನಿನವರು ವಾರಕ್ಕೆ ಎರಡು ಸಲ ಗಸಿಯ ಸ್ಥಾನದಲ್ಲಿ ಕಾಯಿಯಿಲ್ಲದ ಪುಳಿಮುಂಚಿ ಮಾಡಲಿ. ಬಂಗುಡೆಗೆ ಅದೇ ಹೆಚ್ಚು ಒಪ್ಪುತ್ತದೆಂದು ನನ್ನ ಅಭಿಪ್ರಾಯ. ಒಂದೆಲಗ, ದೊಡ್ಡಪತ್ರೆಯ ತಂಬುಳಿಗೆ ಮಜ್ಜಿಗೆಯೇ ಮುಖ್ಯ, ಕಾಯಿ ನೆಪಕ್ಕೆ.

ಅನ್ನ ಬಿಟ್ಟು ಜೋಳ, ರಾಗಿ ಹಿಡಿಯಬೇಕೆಂದು ಈಗ ಎಲ್ಲೆಲ್ಲಿಯೂ ಕೇಳಿಬರುತ್ತದೆ. ಹಿಟ್ಟಿನ ತೂಕಕ್ಕೆ ತೂಕ ನೋಡಿದರೆ ಅಕ್ಕಿ, ಜೋಳ, ರಾಗಿಗಳ ಕ್ಯಾಲರಿಯಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ರಾಗಿ-ಜೋಳಗಳಲ್ಲಿ ನಾರು ಹೆಚ್ಚಾದ್ದರಿಂದ ಬೇಗ ತೃಪ್ತಿಯಾಗುತ್ತದೆ, ಅಷ್ಟೇ. ನಾಲ್ಕು ರೊಟ್ಟಿಗೆ ಬೆಣ್ಣೆ ಸವರಿ ತಿಂದರೆ ಜೋಳವೇನು ಮಾಡೀತು? ಅನ್ನವನ್ನೇ ಉಣ್ಣಿರಿ, ಆದರೆ ತಟ್ಟೆಯಲ್ಲಿ ಮೊದಲು ಪಲ್ಯ ಬೀಳಲಿ, ಆಮೇಲೆ ಸಾರು, ಕೊನೆಗೆ ಅನ್ನ. ತಡವಾಗಿ ಮನೆ ಸೇರುವವರಿಗೆ ಕುಚ್ಚಲಕ್ಕಿಯ ಗಂಜಿ, ಹುರುಳಿ ಚಟ್ನಿ, ಒಂದು ಪಲ್ಯಕ್ಕಿಂತ ಹಿತವಾದ ರಾತ್ರಿಯೂಟವನ್ನು ನಾನು ಕಂಡಿಲ್ಲ. ಗಂಜಿಯಲ್ಲಿ ಅಕ್ಕಿಗಿಂತ ನೀರೇ ಹೆಚ್ಚಿರುವುದರಿಂದ ಹೊಟ್ಟೆ ತುಂಬಿದ ಸಮಾಧಾನ ಸಿಗುತ್ತದೆ.

ಭಾನುವಾರ ಹೋಟೆಲಿಗೆ ಹೋಗುವ ಅಭ್ಯಾಸ ಬಿಡಬೇಕೇ? ಬೇಡ. ಮಾಟುಂಗಾದ ರಾಮ ನಾಯಕರ ಬೋರ್ಡಿಂಗು 1942ರಲ್ಲಿ ಆರಂಭವಾದದ್ದು. ಅಂಥ ಕಡೆ ಬಾಳೆಯೆಲೆಯ ಮುಂದೆ ಕುಳಿತು ಕ್ಯಾಲರಿ ಎಣಿಸುವವನ ಪಕ್ಕದಲ್ಲಿ ಕೂಡುವುದಕ್ಕೆ ನನಗಂತೂ ಇಷ್ಟವಿಲ್ಲ. ವಾರದ ಆರು ದಿನ ಅಳತೆಯಲ್ಲಿದ್ದರೆ ಏಳನೆಯ ದಿನದ ಒಂದು ಊಟ ಕೆಡುಕು ಮಾಡಲಾರದು. ಗಣಪತಿ ಹಬ್ಬದಲ್ಲಿ ನೆರೆಯವರು ಕೊಡುವ ಹಬೆಯ ಮೋದಕ ಎರಡು ತಿನ್ನಿರಿ, ಕರಿದದ್ದಾದರೆ ಒಂದು.

ಕೆಲವು ಎಚ್ಚರಿಕೆಗಳಿವೆ. ಸಿಹಿಮೂತ್ರಕ್ಕೆ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಕಡಿಮೆಮಾಡುವ ಮೊದಲು ವೈದ್ಯರನ್ನು ಕೇಳಲೇಬೇಕು. ಔಷಧ ಮೊದಲಿನಷ್ಟೇ ಇದ್ದು ಊಟ ಇಳಿದರೆ ರಕ್ತದ ಸಕ್ಕರೆ ಥಟ್ಟನೆ ಕುಸಿದು ಬೆವರು, ನಡುಕ, ಪ್ರಜ್ಞೆ ತಪ್ಪುವುದು ಉಂಟು. ಗರ್ಭಿಣಿಯರೂ ಹಾಲೂಡಿಸುವವರೂ ತೂಕ ಇಳಿಸುವ ಪ್ರಯತ್ನ ಮಾಡಬಾರದು. ವಾರಕ್ಕೆ ಅರ್ಧ ಕಿಲೋ ಇಳಿದರೆ ಸಾಕು. ಹತ್ತು ದಿನದಲ್ಲಿ ಐದು ಕಿಲೋ ಎಂಬ ಜಾಹೀರಾತಿನ ಪುಡಿಗಳಿಗೆ ಹಣ ಕೊಡಬೇಡಿರಿ. ಏನೂ ಪ್ರಯತ್ನ ಮಾಡದೆ ತೂಕ ಇಳಿಯುತ್ತಿದ್ದರೆ ಹಿಗ್ಗಬೇಡಿರಿ. ಜೊತೆಗೆ ಎರಡು ವಾರ ದಾಟಿದ ಕೆಮ್ಮಿದ್ದರೆ ಕ್ಷಯದ ಪರೀಕ್ಷೆಯನ್ನು ಪಾಲಿಕೆಯ ದವಾಖಾನೆಯಲ್ಲಿ ಉಚಿತವಾಗಿ ಮಾಡುತ್ತಾರೆ. ಒಂದೇ ಕೋಣೆಯಲ್ಲಿ ಆರೇಳು ಮಂದಿ ಮಲಗುವಲ್ಲಿ ಇದನ್ನು ತಡಮಾಡುವುದು ಉಳಿದವರಿಗೂ ಅಪಾಯ.

ತೂಕ ನೋಡುವ ಯಂತ್ರ ಎಲ್ಲರ ಕೋಣೆಯಲ್ಲಿಯೂ ಇರುವುದಿಲ್ಲ, ಅಳತೆಪಟ್ಟಿ ಸಾಕು. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನೆಟ್ಟಗೆ ನಿಂತು, ಉಸಿರು ಬಿಟ್ಟು, ಕೆಳಗಿನ ಪಕ್ಕೆಲುಬಿಗೂ ಸೊಂಟದ ಎಲುಬಿಗೂ ನಡುವೆ ಪಟ್ಟಿಯನ್ನು ಬಿಗಿಯದೆ ಸುತ್ತಬೇಕು. ಹೊಟ್ಟೆಯನ್ನು ಒಳಗೆಳೆದುಕೊಂಡರೆ ಪಟ್ಟಿಗೆ ಮೋಸವಾಗದು, ನಮಗೇ ಆದೀತು. ತಿಂಗಳಿಗೊಮ್ಮೆ ಅಳೆದು ಬರೆದಿಟ್ಟರೆ ಸಾಕು. ವಾಚನಾಲಯದ ಗ್ರಂಥಪಾಲಕರ ಮೇಜಿನ ಎಡಗಡೆಯ ಖಾನೆಯಲ್ಲಿ ಒಂದು ದರ್ಜಿಯ ಪಟ್ಟಿಯನ್ನು ಇಡಲಾಗಿದೆ. ಬೇಕಾದವರು ಕೇಳಿ ಪಡೆದು, ಅಳೆದು, ಹಿಂದಕ್ಕೆ ಕೊಡಬೇಕಾಗಿ ವಿನಂತಿ.